ಮೂರನೆಯ ಗೀಟು

ಮಿಕ್ಕೆಲಿಯ ದಾಖಲೆಮನೆಯಲ್ಲಿ ಈ ಪುಸ್ತಕ ಮುಟ್ಟಬೇಕಾದರೆ
ಪೆನ್ನು ಹೊರಗಿಡಬೇಕು, ಕಾಫಿ ಹೊರಗಿಡಬೇಕು,
ಒದ್ದೆ ಕೋಟು ಬಿಚ್ಚಿ ಗೂಟಕ್ಕೆ ಹಾಕಬೇಕು.
ಮೂವತ್ತೆಂಟು ವರ್ಷ, ಮೊದಲು ಸೈಕಲ್ಲಿನಲ್ಲಿ ಆಮೇಲೆ ವ್ಯಾನಿನಲ್ಲಿ
ಅಂಚೆ ಹಂಚಿದ ಕೈ ನನ್ನದು.
ತೊಳೆದು ಒರೆಸಿಕೊಂಡು ಕೂತೆ,
ಊಟಕ್ಕೆ ಕೂತ ಹಾಗೆ.

ತೊಗಲಿನ ಬೆನ್ನು. ಇಲಿ ಕಡಿದ ಮೂಲೆ.
ಮನೆಗೊಂದು ಪುಟ, ತಲೆಗೊಂದು ಸಾಲು:
ಯಜಮಾನ, ಹೆಂಡತಿ, ಮಕ್ಕಳು, ವಿಧವೆ ಅತ್ತೆ,
ಎಲ್ಲರ ಕೆಳಗೆ
ತಳ ಹಿಡಿದ ಗಂಜಿಯ ಹಾಗೆ ಆಳುಗಳು.

ಅಲ್ಲಿದ್ದಾಳೆ.
ಮನೆಯಲ್ಲಿ ಫಿನ್ನಿಷ್ ಆಡುವವರನ್ನು
ಪಾದ್ರಿ ಸ್ವೀಡಿಷಿನಲ್ಲಿ ಬರೆದ.
ಅಪ್ಪ ತಾಹ್ವೋ ಶಾಯಿಗಿಳಿಯುತ್ತಲೇ ಸ್ಟಾಫಾನ್ ಆದ,
ಮಗಳು ಲೊವೀಸಾ ಸ್ಟಾಫಾನ್‌ದೊಟ್ಟರ್, ಕೆಲಸದವಳು.
ಯಾರಾದರೂ ಹಾಗೆ ಕೂಗಿದ್ದರೆ
ತಿರುಗಿಯೂ ನೋಡುತ್ತಿರಲಿಲ್ಲ.

ಹೆಸರಿನ ಮುಂದೆ ಖಾನೆಗಳು.
ಹುಟ್ಟಿದ್ದು ೧೮೩೧, ಮಾರ್ಚಿ ಒಂಬತ್ತು.
ಸಿಡುಬು: ಆಗಿದೆ.
ಓದು: ಒಂದು ಗೀಟು.
ಒಂದೆಂದರೆ ಅಕ್ಷರದ ಗುರುತು ಹತ್ತುತ್ತದೆ, ಅಷ್ಟೇ.
ಎರಡಾದರೆ ತಡವರಿಸಿ ಕೂಡಿಸುತ್ತಾಳೆ.
ಮೂರಾದರೆ ಓದುತ್ತಾಳೆ.
ಆಮೇಲೆ ತಾರೀಖುಗಳು, ಯಾವ ಯಾವ ಭಾನುವಾರ
ಕರ್ತನ ಭೋಜನದ ರೊಟ್ಟಿ ಬಾಯಿಗಿಟ್ಟಳೆಂದು.
ನನ್ನ ಅಜ್ಜಿಯ ಅಜ್ಜಿಯ ಬಗ್ಗೆ ಲೋಕ ಬರೆದಿಟ್ಟದ್ದು ಇಷ್ಟೆ.

೧೮೫೪ರ ಸುಗ್ಗಿಯ ಹೊತ್ತಿಗೆ ತಾರೀಖು ನಿಂತಿದೆ.
ಹೆಸರ ಮೇಲೆ ಅಡ್ಡಗೆರೆ.
ಅಂಚಿನಲ್ಲಿ ಸಣ್ಣಗೆ: ಎಲ್ಲಿಗೆ ಹೋದಳೋ ತಿಳಿಯದು.

ವಿಳಾಸದಾರರು ಸಿಕ್ಕಿಲ್ಲವೆಂದು ಮುದ್ರೆ ಒತ್ತಿ
ವಾಪಸು ಕಳಿಸುವುದು ಎಷ್ಟು ಸಲೀಸು, ನನಗೆ ಗೊತ್ತು.
ಒತ್ತುವ ಮೊದಲು ನಾನು ಪಕ್ಕದ ಮನೆಯಲ್ಲಿ ಕೇಳುತ್ತಿದ್ದೆ,
ಆಮೇಲೆ ಅಂಗಡಿಯಲ್ಲಿ,
ಆಮೇಲೆ ಹಾಲಿನ ಗಾಡಿಯ ಕಿವುಡನನ್ನು.
ಹಾಗೆಯೇ ಕೇಳುತ್ತ ಹೋದೆ, ಚರ್ಚಿನಿಂದ ಚರ್ಚಿಗೆ,
ಪುಸ್ತಕದಿಂದ ಪುಸ್ತಕಕ್ಕೆ, ಎರಡು ಚಳಿಗಾಲ.
ದಾಖಲೆಮನೆಯ ಉರ್ಪೋ ನನ್ನ ಕಂಡರೆ
ಮೊದಲೇ ನಿಟ್ಟುಸಿರು ಬಿಟ್ಟು ಕಪಾಟಿನ ಬೀಗ ತೆಗೆಯುತ್ತಿದ್ದ.

ಹನ್ನೆರಡನೆಯ ಚರ್ಚು. ಕೆರೆಯಂಚಿನ ಒಂದು ಗುಡಿಸಲು.
ಹೆಸರಲ್ಲಿ ಎರಡಕ್ಷರ ತಪ್ಪು.
ಮಾರ್ಚಿ ಒಂಬತ್ತು ಮಾತ್ರ ಅದೇ ಮಾರ್ಚಿ ಒಂಬತ್ತು,
ಸಿಡುಬು ಅದೇ ಸಿಡುಬು.
ಕೆಳಗಿನ ಸಾಲಿನಲ್ಲಿ ಒಂದು ಮಗು, ಆಂತಿ,
ಅಪ್ಪನ ಹೆಸರಿರಬೇಕಾದಲ್ಲಿ ಬಿಳಿ ಕಾಗದ.
ಅದರ ಪಕ್ಕ ಪಾದ್ರಿ ಅವಳನ್ನು ಕುರಿತು ಬರೆದ ಒಂದು ಮಾತಿದೆ.
ಅದನ್ನಿಲ್ಲಿ ಹೇಳುವುದಿಲ್ಲ.
ಕೆಲವು ಕಾಗದ ತಲುಪದಿದ್ದರೇ ಒಳ್ಳೆಯದು,
ಅಂಚೆಯವಳಿಗೆ ಇದೂ ಗೊತ್ತು.

ಆದರೆ ಓದಿನ ಖಾನೆ!
ಎರಡು ಗೀಟು, ಮಾಸಿದ್ದು.
ಒತ್ತಿಗೇ ಮೂರನೆಯದು, ಶಾಯಿ ಬೇರೆ, ಕಡುಗಪ್ಪು,
ತುಸು ವಾಲಿದೆ,
ಬರೆದವನ ಕೈ ಒಂದು ಕ್ಷಣ ಅನುಮಾನಿಸಿದ ಹಾಗೆ.

ಯಾರು ಕಲಿಸಿದರು?
ಪೈನ್ ಸೀಳಿನ ಬೆಳಕಿಗೆ, ಹೊಗೆಗೆ,
ಮಡಿಲಲ್ಲಿ ಕೂಸು, ಕೂಸಿನ ಮೇಲೆ ಪುಸ್ತಕ.
ಕಣ್ಣು ಹೋದ ಮುದುಕಿಯೊಬ್ಬಳಿದ್ದಳೇ,
ಓದಿ ಹೇಳಲು ಜನ ಬೇಕಿದ್ದವಳು?
ಅಥವಾ ತನ್ನ ಬಗ್ಗೆ ಅಲ್ಲಿ ಏನು ಬರೆದಿದೆ
ಎಂದು ತಾನೇ ನೋಡುವ ಹಟವೇ?
ಬೇಡ. ಕತೆ ಕಟ್ಟಬಾರದು.
ಪುಸ್ತಕದಲ್ಲಿ ಇರುವುದು ಗೀಟು.

ನಾಲ್ಕಕ್ಕೆ ಬಾಗಿಲು ಹಾಕುತ್ತಾರೆ.
ಮರಳಿಸಿದೆನೆಂದು ಚೀಟಿಯಲ್ಲಿ ಪೆನ್ಸಿಲಿನಿಂದ ಸಹಿ ಮಾಡಿ
ಇನ್ನೂ ಒದ್ದೆಯಿದ್ದ ಕೋಟು ತೊಟ್ಟು ಹೊರಬಂದೆ.
ಹಿಮ ಬೀಳುತ್ತಿತ್ತು.
ಬಸ್ಸಿನ ವೇಳಾಪಟ್ಟಿಯ ಗಾಜು ಒರೆಸಿ
ಬೆರಳಿಟ್ಟು ಓದಿದೆ, ಬಾಯಿಬಿಟ್ಟು,
ಕೂಡಿಸಿ ಕೂಡಿಸಿ,
ಒಂದೊಂದೇ ಊರು.